ಆರರ ಮಾಲು, ನಾಲ್ಕರ ಮಾಲು

“ಲಕ್ಷ್ಮವ್ವಾ, ಮಾಲ್ ಕಲಸವ್ವಾ!” ಎರಡನೆಯ ಮಹಡಿಯಿಂದ ಗೌಂಡಿ ರೇವಣಪ್ಪ ಕೂಗಿದ. ಲಕ್ಷ್ಮವ್ವ ಸಲಿಕೆ ಹಿಡಿದು ನಿಂತಲ್ಲೇ ನಿಂತಿದ್ದಳು.

ಇಟ್ಟಂಗಿಯ ಒಟ್ಟಿಲ ಮೇಲೆ ಪುಸ್ತಕ ಬಿಚ್ಚಿ ಕೂತಿದ್ದ ಮಗಳು ನೀಲಾಂಬಿಕಾಳ ತಲೆ ಕೆಟ್ಟು ಹೋಗಿತ್ತು. ನಾಶಿಕದ ಈ ಸೈಟಿಗೆ ಅವ್ವನ ಬುತ್ತಿ ತಂದವಳು, ಮೂರು ಗಂಟೆಗೆ ಕಂಪ್ಯೂಟರ್ ಕ್ಲಾಸಿನ ಪರೀಕ್ಷೆಗೆ ಹೋಗಬೇಕು. ಒಮ್ಮೆ ಫೇಲಾಗಿದ್ದಾಯಿತು. ಇನ್ನೊಮ್ಮೆ ಆದರೆ ಕ್ಲಾಸು ಬಂದ್; ಸೋಮವಾರದಿಂದ ಅವ್ವನ ಜೊತೆ ಬುಟ್ಟಿ ಹೊರುವುದೇ ಗತಿ. ಪ್ರೋಗ್ರಾಮಿನಲ್ಲಿ ಒಂದು ಕೆಲಸ ಮಾಡಿಸುವ ಫಂಕ್ಷನ್ನಿಗೆ ಹೆಸರಿಡುವುದು ಗೊತ್ತಿತ್ತು. ಹೆಸರಿನ ಮುಂದೆ ಆವರಣದೊಳಗೆ ಕೂರುವ ಪ್ಯಾರಾಮೀಟರ್ ಎಂಬ ಪ್ರಾಣಿ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಕಳೆದ ಸಲ ಅಂಕಿ ಬದಲಾದಾಗಲೆಲ್ಲ ಹೊಸ ಫಂಕ್ಷನ್ ಬರೆದು, ಪುಣ್ಯಾತ್ಗಿತ್ತಿ ಒಂದೇ ಕೆಲಸಕ್ಕೆ ಹನ್ನೊಂದು ಹೆಸರಿಟ್ಟು ಬಂದಿದ್ದಳು.

“ಯವ್ವಾ, ಕೂಗಾಕತ್ತಾರ.”

“ಕೂಗ್ಲಿ. ಎಷ್ಟರದು ಅಂತ ಹೇಳ್ಯಾನೇನು? ಇಟ್ಟಂಗಿ ಕಟ್ಟಾಕ ಆರರದು, ಗ್ವಾಡಿಗೆ ಬಳಿಯೂ ಗಿಲಾವಿಗೆ ನಾಕರದು. ಒಂದು ಬುಟ್ಟಿ ಸಿಮೆಂಟಿಗೆ ಅಷ್ಟು ಬುಟ್ಟಿ ಉಸುಕು. ಹೇಳದಿದ್ರ ಏನ್ ಕಲಸ್ಲಿ?”

“ನಾಕರದು! ಎರಡು ಬುಟ್ಟಿ ಸಿಮೆಂಟು!” ಮೇಲಿನಿಂದ ರೇವಣಪ್ಪನ ದನಿ ಬಂತು.

“ಹಾಂ, ಈಗ ಹೇಳ್ದ.” ಲಕ್ಷ್ಮವ್ವ ಎರಡು ಬುಟ್ಟಿ ಸಿಮೆಂಟಿಗೆ ಎಂಟು ಬುಟ್ಟಿ ಉಸುಕು ಸುರಿದಳು.

ನೀಲಾಂಬಿಕಾ ಎದ್ದು ಬಂದಳು. “ನಾಕು, ಎರಡು ಅದಲು ಬದಲಾದ್ರ?”

“ಎರಡರದು, ನಾಕು ಬುಟ್ಟಿ ಸಿಮೆಂಟು ಆಕ್ಕೈತಿ. ಗಿಲಾವು ಒಣಗಿ ಬಿರಕು ಬಿಡ್ತೈತಿ, ಮುಕಾದಮ ನನ್ನ ಜೀವಾ ತಿಂತಾನ.”

“ಆರರದು ಕಲಸೂದು ಬ್ಯಾರೆ ಕಲ್ತಿಯೇನು?”

“ಹುಚ್ಚಿ! ಕಲಸೂದು ಎಲ್ಲಾ ಒಂದ ನಮೂನಿ. ಅವ ಹೇಳೂ ಅಂಕಿ ಅಷ್ಟ ಬ್ಯಾರೆ.”

“ಹಂಗಾದ್ರ ಆವರಣದಾಗ ಕೂರೂದು ಆ ಅಂಕಿನ!” ಎಂದಳು ನೀಲಾಂಬಿಕಾ. ಆಮೇಲೆ ಆದ ಖುಷಿಗೆ ಬುತ್ತಿ ಕೊಡುವುದನ್ನೇ ಮರೆತು ಗೇಟಿನವರೆಗೆ ಓಡಿ, ಮತ್ತೆ ವಾಪಸು ಬಂದಳು.

ಪರೀಕ್ಷೆಯಲ್ಲಿ ಬೀದರ ಕಡೆಯ ಶಾಂತಕುಮಾರ ಸರ್ ಅವಳ ಪರದೆಗೆ ಬಗ್ಗಿದರು. ಒಂದೇ ಫಂಕ್ಷನ್, ಅದರ ಹೆಸರು ಲಕ್ಷ್ಮವ್ವ. ಆವರಣದಲ್ಲಿ ನಾಲ್ಕು, ಎರಡು ಕೊಟ್ಟರೆ ಎಂಟು ಬುಟ್ಟಿ ಉಸುಕು ಎಂದಿತು. ಸರ್ ತಾವೇ ಆರು, ಮೂರು ಒತ್ತಿ ನೋಡಿದರು. ಹದಿನೆಂಟು ಎಂದಿತು.

“ಈ ಲಕ್ಷ್ಮವ್ವ ಯಾರಮ್ಮ?”

“ನಮ್ಮವ್ವ ರೀ.”

“ಬರೋಬ್ಬರ ಅದ. ಸೋಮವಾರ ಮುಂದಿನ ಪಾಠಕ್ಕ ಬಾ.”

ಸಂಜೆ ಸೈಟಿನಲ್ಲಿ ಸುದ್ದಿ ಕೇಳಿದ ಲಕ್ಷ್ಮವ್ವನಿಗೆ ನಗು ತಡೆಯಲಾಗಲಿಲ್ಲ, ಅಳುವೂ ಬಂತು. “ನನ್ನ ಹೆಸರ ಹೆಂಗ ಬರದಿ? ತೋರ್ಸು,” ಎಂದಳು. ನೀಲಾಂಬಿಕಾ ಇಟ್ಟಂಗಿಯ ಚೂರು ಹಿಡಿದು ನೆಲದ ಮೇಲೆ ದೊಡ್ಡದಾಗಿ ಬರೆದಳು.

ಅಷ್ಟರಲ್ಲಿ ಬುಟ್ಟಿ ಹೊತ್ತ ಜೊತೆಯ ಕೂಲಿ ಗುಂಡವ್ವ ನೇರ ಆ ಅಕ್ಷರಗಳತ್ತಲೇ ಬಂದಳು. ಲಕ್ಷ್ಮವ್ವ ಕೈ ಅಡ್ಡ ಹಿಡಿದು, “ಆ ಕಡಿಂದ ಹೋಗವಾ,” ಎಂದು ಅವಳನ್ನು ಸುತ್ತು ಹಾಕಿಸಿ ಕಳಿಸಿದಳು.