ಕೆಂಡ ಕೇಳಲು ಬಂದವರು

ಮಾತು ಕೊಡುವಾಗ ಕಟುಸಾಬೆಗೆ ಹೆದರಿಕೆಯೇ ಆಗಿರಲಿಲ್ಲ. ಮಾವಿನ ಮರದ ಕೆಳಗೆ ಹನ್ನೆರಡು ಹೆಂಗಸರ ನಡುವೆ ಕೂತಾಗ ಯಾರಿಗೆ ತಾನೇ ಹೆದರಿಕೆ? ಯಾವ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೂ, ಕೇಳಿದವಳು ಮಡಕೆ ಚೂರು ಹಿಡಿದು ಆ ಮನೆಗೆ ಕೆಂಡ ಕೇಳಲು ಹೋಗಬೇಕು. ಅವಳನ್ನು ಕಂಡವಳು ಹಿಂದೆಯೇ ಹೊರಡಬೇಕು. ಕೆಂಡ ಕೇಳಿ ಬಂದವರನ್ನು ನಮ್ಮ ಟೋರೋ ಸೀಮೆಯಲ್ಲಿ ಯಾರೂ ಬಾಗಿಲಿಂದ ಅಟ್ಟುವುದಿಲ್ಲ. ಅಬ್ವೋಲಿ ಮುದುಕಿಯೊಬ್ಬಳು ಮಾತ್ರ ನಕ್ಕುಬಿಟ್ಟಿದ್ದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ನಿಮಗ್ಯಾಕೆ ಇಲ್ಲದ ಉಸಾಬರಿ ಎಂದು ಸೆರಗು ಕೊಡವಿ ಎದ್ದು ಹೋಗಿದ್ದಳು.

ಇವತ್ತು ಸದ್ದು ಬಂದದ್ದು ಆ ಮುದುಕಿಯ ಮಗ ಕಾಲೀಸನ ಮನೆಯಿಂದ. ಸಂತೆಯ ದಿನ, ನಡುಮಧ್ಯಾಹ್ನ, ಮಾತು ಕೊಟ್ಟ ಹೆಂಗಸರೆಲ್ಲ ಸಂತೆಗೆ ಹೋಗಿದ್ದರು. ಕಾಲು ಉಳುಕಿದ್ದಕ್ಕೆ ಕಟುಸಾಬೆಯೊಬ್ಬಳು ಮನೆಯಲ್ಲಿ ಉಳಿದಿದ್ದಳು. ಮೊದಲು ಪಾತ್ರೆ ಉರುಳಿತು, ಆಮೇಲೆ ಕಾಲೀಸನ ಹೆಂಡತಿ ಕೋಬುಸಿಂಗೆ ಕಿರುಚಿದಳು. ಆಮೇಲೆ ಕಿರುಚುವುದೂ ನಿಂತುಹೋಯಿತು. ನಿಂತದ್ದೇ ತಡ, ಕಟುಸಾಬೆ ಮಡಕೆ ಚೂರು ಕೈಗೆತ್ತಿಕೊಂಡಳು.

ಹೋಗದಿದ್ದರೆ ಯಾರಿಗೆ ಗೊತ್ತಾಗುತ್ತದೆ? ನಿದ್ದೆ ಹತ್ತಿತ್ತು ಅಂದರಾಯಿತು. ಹೀಗೆ ಅಂದುಕೊಳ್ಳುತ್ತಲೇ ಅವಳು ಚೂರು ಹಿಡಿದು ಬಾಳೆತೋಟ ದಾಟಿದಳು. ಹಿಂದೆ ತಿರುಗಿ ನೋಡಿದಳು. ಒಂದು ನರಪಿಳ್ಳೆಯೂ ಇರಲಿಲ್ಲ.

"ಅರಾಲೀ," ಎಂದು ಕಾಲೀಸನ ಗೌರವದ ಹೆಸರು ಹಿಡಿದು ಕರೆದಳು. "ಒಂದಿಷ್ಟು ಕೆಂಡ ಕೊಡಪ್ಪಾ."

ಕಾಲೀಸ ಬಾಗಿಲಿಗೆ ಬಂದ. ಕೈಯಲ್ಲಿ ಬಾಳೆ ಕಡಿಯುವ ಮಚ್ಚು. ಅವನ ಹಿಂದೆ, ಒಲೆಯ ಬದಿಯಲ್ಲಿ, ಕೋಬುಸಿಂಗೆ ಮುದುಡಿ ಬಿದ್ದಿದ್ದಳು; ಕಿವಿಯಿಂದ ರಕ್ತ ಇಳಿಯುತ್ತಿತ್ತು, ಕಣ್ಣು ತೆರೆದಿತ್ತು. ಅವನು ಜೇಬಿಗೆ ಕೈ ಹಾಕಿ ಬೆಂಕಿಪೆಟ್ಟಿಗೆ ತೆಗೆದು ಕಟುಸಾಬೆಯ ಕಾಲ ಬಳಿ ಎಸೆದ. ಅವನೂ ಅವಳ ಗೌರವದ ಹೆಸರು ಹಿಡಿದೇ ಮಾತಾಡಿದ.

"ತಗೋ ಅಟ್ವೋಕಿ, ಇಡೀ ವಾರಕ್ಕಾಯ್ತು. ಇನ್ನು ಈ ಕಡೆ ತಲೆ ಹಾಕಬೇಡ."

ಅಯ್ಯೋ ದೇವರೇ, ಮರದ ಕೆಳಗೆ ಅಷ್ಟು ಹೊತ್ತು ಮಾತಾಡಿದ ಹನ್ನೆರಡು ತಲೆಗಳಲ್ಲಿ ಒಂದಕ್ಕೂ ಇದು ಹೊಳೆದಿರಲಿಲ್ಲ. ಕೇಳಿದ್ದು ಸಿಕ್ಕಿತು, ಇನ್ನು ನಿಲ್ಲುವುದಕ್ಕೆ ನೆಪವಿಲ್ಲ. ಆದರೂ ಅವಳು ನಿಂತೇ ಇದ್ದಳು. ಧೈರ್ಯವೇನಲ್ಲ, ಕಾಲು ಕೀಳಲು ಆಗಲಿಲ್ಲ ಅಷ್ಟೆ. ಅವನು ಮಚ್ಚು ಮೇಲೆತ್ತಿ ಒಂದು ಹೆಜ್ಜೆ ಮುಂದಿಟ್ಟ.

ಅಷ್ಟರಲ್ಲಿ ಬೆನ್ನ ಹಿಂದೆ ಕೋಲಿನ ಸದ್ದಾಯಿತು. ಅಬ್ವೋಲಿ ಮುದುಕಿ! ಅವಳ ಕೈಯಲ್ಲೂ ಒಂದು ಮಡಕೆ ಚೂರಿತ್ತು.

"ನಂಗೂ ಕೆಂಡ ಬೇಕು ಮಗಾ."

ಅಂಗಳದಾಚೆ ಅವಳದೇ ಅಡುಗೆಮನೆಯ ಮೇಲೆ ಹೊಗೆ ಏಳುತ್ತಿತ್ತು. ಕಾಲೀಸ ಅದನ್ನು ನೋಡಿದ. "ನಿನ್ ಒಲೆ ಉರೀತಾ ಇದೆಯಲ್ಲಮ್ಮ."

"ಉರೀಲಿ ಬಿಡು. ನಂಗೆ ಈ ಒಲೆ ಕೆಂಡನೇ ಬೇಕು."

ಅವನನ್ನು ಸರಿಸಿ ಮುದುಕಿ ಒಳಗೆ ಹೋದಳು. ಆ ಅಡುಗೆಮನೆ ಒಂದು ಕಾಲಕ್ಕೆ ಅವಳದೇ ಆಗಿತ್ತು. ಸೊಸೆಯ ಮುಂದೆ ಅಡ್ಡ ಕೂತು ಮಗನ ಮುಖ ನೋಡಿದಳು.

"ನಿಮ್ಮಪ್ಪ ನನ್ ಕೈ ಮುರಿದಿದ್ದು ಇದೇ ಒಲೆ ಮುಂದೆ. ಅವತ್ತು ಕೆಂಡ ಕೇಳೋಕೆ ಒಬ್ರೂ ಬರ್ಲಿಲ್ಲ ಕಣೋ."

ಕಾಲೀಸ ಮಚ್ಚನ್ನು ಕೆಳಗಿಡಲೂ ಇಲ್ಲ, ಎತ್ತಲೂ ಇಲ್ಲ. ಕರಕೊಂಡು ಹೋಗು ಎಂದು ಮುದುಕಿ ಕಣ್ಣಲ್ಲೇ ಹೇಳಿದಳು. ಕಟುಸಾಬೆ ಅವನ ಪಕ್ಕದಿಂದಲೇ ನುಸುಳಿ ಒಳಗೆ ಹೋಗಿ, ಕೋಬುಸಿಂಗೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು.

ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ನೋಡಿದಳು. ಒಲೆಯ ಮುಂದೆ ಕೂತ ಮುದುಕಿಯ ಕೈಯಲ್ಲಿ ಮಡಕೆ ಚೂರು ಗಡಗಡ ನಡುಗುತ್ತಿತ್ತು. ಹೆತ್ತ ಮಗನಿಗೆ ಅವಳೂ ಹೆದರುತ್ತಿದ್ದಳು.