ಒಂದು ಗೇಣು ಕಡಿಮೆ

ಗಂಡ ಕಟ್ಟಿದ ಗೋಪುರವನ್ನು ನೋಡಲು ಟಿಕೆಟ್ ತೆಗೆದುಕೊಂಡು ಒಳಗೆ ಹೋದ ಹೆಂಗಸು ನಮ್ಮ ಕಣಿವೆಯಲ್ಲೆಲ್ಲ ನಾನೊಬ್ಬಳೇ ಇರಬೇಕು. ಉದ್ಯಾನದ ಕಚೇರಿಯವರು ಮೂರು ದಿನದ ಅನುಮತಿ ಚೀಟಿ ಕಳಿಸಿದ್ದರು. ಅದರಲ್ಲಿ ಅವನ ಹೆಸರಿತ್ತು, ನನ್ನದಿರಲಿಲ್ಲ. ಗೇಟಿನ ಹುಡುಗಿಗೆ, "ಒಳಗಿರೋ ನಗಾರಿ ಗೋಪುರ ಕಟ್ಟಿದ ಬಡಗಿ ಇವ್ನೇ ಕಣಮ್ಮ, ನಾನು ಇವನ ಹೆಂಡ್ತಿ" ಎಂದೆ. ಅವಳು ಬಹಳ ವಿನಯದಿಂದ, "ಟಿಕೆಟ್ ಕಿಟಕಿ ಎಡಗಡೆ ಇದೆ ಅಜ್ಜಿ" ಎಂದಳು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವನು ಮಾತ್ರ ಹೆಗಲ ಮೇಲೆ ಬಿದಿರು ಹೊತ್ತುಕೊಂಡು, ಯಾವುದೂ ತನಗೆ ಸಂಬಂಧಿಸಿದ್ದಲ್ಲವೆಂಬಂತೆ ನಿಂತಿದ್ದ. ನಮ್ಮಲ್ಲಿ ಮೊಮ್ಮಗು ಹುಟ್ಟಿದ ಮೇಲೆ ಸ್ವಂತ ಹೆಸರು ಮೂಲೆ ಸೇರುತ್ತದೆ. ಮೊಮ್ಮಗಳು ಲಿಯೆನ್. ಹಾಗಾಗಿ ಷಿ ಪೈಗುವೊ ಎಂಬ ಈ ಮನುಷ್ಯ ಹನ್ನೊಂದು ವರ್ಷದಿಂದ ಊರಿಗೆಲ್ಲ ಲಿಯೆನ್ ಅಜ್ಜ, ನನಗೂ ಲಿಯೆನ್ ಅಜ್ಜ.

ಹೋದ ಚಳಿಗಾಲದಲ್ಲಿ ನಮ್ಮೂರು ಜೆನ್‌ಪಾದ ನಗಾರಿ ಗೋಪುರ ಸುಟ್ಟುಹೋಯಿತು. ಹದಿಮೂರು ಅಂತಸ್ತು, ಒಂದೇ ಒಂದು ಮೊಳೆಯಿಲ್ಲ, ಇನ್ನೂರು ವರ್ಷದ್ದು. ನನ್ನ ತವರಾದ ವೂ ಮನೆತನದ ಗೋಪುರ ಅದು; ಊರು ಸೇರುವುದು, ಹಾಡುವುದು ಎಲ್ಲ ಅಲ್ಲೇ. ಅದರ ಜೊತೆಗೆ ಅಟ್ಟದಲ್ಲಿ ಕಟ್ಟಿಟ್ಟಿದ್ದ ಅಳತೆಗೋಲೂ ಬೂದಿಯಾಯಿತು. ನಮ್ಮ ಬಡಗಿಗಳು ನಕ್ಷೆ ಬರೆಯುವವರಲ್ಲ. ಉದ್ದನೆಯ ಬಿದಿರನ್ನು ಸೀಳಿ, ಅದರ ಒಳಮೈಮೇಲೆ ಕಂಬ, ತೊಲೆ, ತೂತುಗಳ ಅಳತೆಯನ್ನೆಲ್ಲ ಮಸಿಯಲ್ಲಿ ಗುರುತು ಹಾಕುತ್ತಾರೆ. ಒಂದು ಕಟ್ಟಡಕ್ಕೆ ಒಂದೇ ಕೋಲು. ಅದು ಹೋದರೆ ಹೋಯಿತು.

ಆದರೆ ಸಾವಿರ ಮೈಲಿ ಆಚೆ, ಸಮುದ್ರದ ಪಕ್ಕದ ಈ ದೊಡ್ಡ ಪಟ್ಟಣದಲ್ಲಿ, ನಮ್ಮ ಗೋಪುರದ್ದೇ ಒಂದು ನಕಲು ಇತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಈ ಉದ್ಯಾನದವರು ದೇಶದ ಸಣ್ಣಪುಟ್ಟ ಜನಾಂಗಗಳ ಮನೆಮಠಗಳನ್ನೆಲ್ಲ ಒಂದೇ ಬೇಲಿಯೊಳಗೆ ಕೂಡಿಸುವಾಗ, ನಮ್ಮ ಡೊಂಗ್ ಜನರ ಪಾಲಿಗೆ ನಮ್ಮೂರ ಗೋಪುರ ಬೇಕೆಂದು ಕೇಳಿಕೊಂಡು ಬಂದರು. ಆಗ ಮನೆತನದ ಹಿರಿಯನಾಗಿದ್ದವನು ನನ್ನ ಅಪ್ಪ. ಅಪ್ಪ ತಿಂಗಳುಗಟ್ಟಲೆ ಒಪ್ಪಲಿಲ್ಲ. ಮನೆತನಕ್ಕೆ ಒಂದೇ ಗೋಪುರ, ಅದಕ್ಕೆ ಜೋಡಿ ಹುಟ್ಟಿದರೆ ಎರಡರಲ್ಲಿ ಒಂದು ಉಳಿಯುವುದಿಲ್ಲ ಎಂದ. ಕೊನೆಗೆ ಒಂದು ಷರತ್ತಿನ ಮೇಲೆ ಕೋಲು ಬಿಚ್ಚಿಕೊಟ್ಟ: ಅಲ್ಲಿ ಕಟ್ಟುವುದರಲ್ಲಿ ಎಲ್ಲಾದರೂ ಒಂದು ಗೇಣು ಕಡಿಮೆ ಮಾಡಬೇಕು. ಎಲ್ಲಿ ಎಂಬುದು ಬಡಗಿಗೊಬ್ಬನಿಗೇ ಗೊತ್ತಿರಬೇಕು. ಲಿಯೆನ್ ಅಜ್ಜ ಕೋಳಿಯ ರಕ್ತ ಬೆರೆಸಿದ ಹೆಂಡ ಕುಡಿದು ಊರೆದುರು ಆಣೆ ಮಾಡಿದ.

ಈಗ ಹಿರಿಯನಾಗಿರುವವನು ನನ್ನ ತಮ್ಮ ಶೆಂಗ್‌ಮಾವ್. ಭತ್ತದ ಕೊಯ್ಲು ಮುಗಿಯುವುದರೊಳಗೆ ಭಾವ ಅಳತೆ ತಂದರೆ ಹಳೆಯ ಗೋಪುರ, ಇಲ್ಲದಿದ್ದರೆ ಜಿಲ್ಲೆಯ ಗುತ್ತಿಗೆದಾರ ಕೊಟ್ಟ ನಕ್ಷೆ ಎಂದು ಅವನು ಸಭೆಯಲ್ಲಿ ಹೇಳಿಬಿಟ್ಟಿದ್ದ. ಆ ನಕ್ಷೆ ನಾನೂ ನೋಡಿದ್ದೇನೆ. ಹತ್ತೊಂಬತ್ತು ಅಂತಸ್ತು, ಹೊಟ್ಟೆಯೊಳಗೆಲ್ಲ ಸಿಮೆಂಟು, ಲಿಫ್ಟಿಗೆ ಜಾಗ. ಅದರಲ್ಲಿ ಕುಳಿತು ಹಾಡುವುದಕ್ಕಿಂತ ನಾನು ದನದ ಕೊಟ್ಟಿಗೆಯಲ್ಲಿ ಹಾಡಿಯೇನು. ಹದಿನೈದನೇ ವರ್ಷದಿಂದ ನಮ್ಮ ಹಾಡುಗುಂಪಿಗೆ ಮೊದಲ ದನಿ ಎತ್ತಿಕೊಡುವವಳು ನಾನು. ಸಾಯುವುದರೊಳಗೆ ಆ ಗೋಪುರದಲ್ಲಿ ಇನ್ನೊಮ್ಮೆ ಕುಳಿತು ಹಾಡಬೇಕೆಂಬುದು ಬಿಟ್ಟರೆ ನನಗೆ ಬೇರೆ ಆಸೆ ಉಳಿದಿಲ್ಲ.

ಭಯ ಇದ್ದದ್ದು ಒಂದೇ. ರೈಲಿನಲ್ಲಿ ನಾನು ನಾಲ್ಕು ಸಲ ಕೇಳಿದ್ದೆ.

"ಆ ಒಂದು ಗೇಣು ಎಲ್ಲಿ ಕಳ್ದಿದ್ದೆ, ಹೇಳು."

"ನೋಡಿದ್ರೆ ಗೊತ್ತಾಗತ್ತೆ."

"ಈಗ ಗೊತ್ತಿಲ್ವಾ?"

ಅವನು ಕಿಟಕಿಯ ಕಡೆ ತಿರುಗಿ ಕುಳಿತ. ಈ ಬೇಸಿಗೆಯಲ್ಲಿ ಮರ ಕೆತ್ತುವ ಅವನ ಬಾಚಿ ಅಕ್ಕಿ ಡಬ್ಬದಲ್ಲಿ ಸಿಕ್ಕಿತ್ತು. ಮೊಮ್ಮಗಳನ್ನು ಎರಡು ಸಲ ಮಗಳ ಹೆಸರಿನಿಂದ ಕರೆದಿದ್ದ. ಮರೆತಿದ್ದಾನೆ, ಇವನು ಮರೆತೇಬಿಟ್ಟಿದ್ದಾನೆ ಎಂದುಕೊಂಡೆ. ಕಳೆದ ಜಾಗ ನೆನಪಾಗದಿದ್ದರೆ ಇಲ್ಲಿಯ ಅಳತೆಯೆಲ್ಲ ದಂಡ.

ಉದ್ಯಾನದಲ್ಲಿ ಹತ್ತು ಹೆಜ್ಜೆಗೊಂದು ಜನಾಂಗ. ಮಂಗೋಲರ ಡೇರೆಯ ಹಿಂದೆಯೇ ದಾಯ್ ಜನರ ನೀರೆರಚುವ ಹಬ್ಬದ ಕೊಳ, ಅದರಾಚೆ ಒಂದು ಕಾಲುವೆಯ ಮೇಲೆ ನಮ್ಮವರ ಮಾಡು ಹೊದಿಸಿದ ಸೇತುವೆ. ಸೇತುವೆ ದಾಟಿದ ಕೂಡಲೇ ಗೋಪುರ ಎದುರಾಯಿತು. ಹಂಚಿನ ಸಾಲುಗಳು, ಮೂಲೆಮೂಲೆಯಲ್ಲೂ ಮೇಲಕ್ಕೆ ಬಾಗಿದ ತುದಿಗಳು, ಎಲ್ಲ ಹಾಗೇ. ಬೂದಿಯನ್ನು ಕೈಯಾರೆ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಸುರಿದವಳು ನಾನು. ಕಣ್ಣೊರೆಸಿಕೊಂಡೆ.

ಬಾಗಿಲಲ್ಲಿ ನಮ್ಮ ಬಟ್ಟೆ ತೊಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ನಾನು ಆಸೆಯಿಂದ ನಮ್ಮ ಮಾತಿನಲ್ಲಿ ಮಾತಾಡಿಸಿದೆ. ಅವಳು ಕಣ್ಣು ಕಣ್ಣು ಬಿಟ್ಟಳು.

"ಅಜ್ಜಿ, ನಾನು ಡೊಂಗ್ ಅಲ್ಲ. ದಾಯ್. ನನ್ನ ಹೆಸರು ಯು ಹಾನ್."

"ಮತ್ತೆ ಈ ವೇಷ?"

"ದಾಯ್ ಹುಡುಗೀರು ಜಾಸ್ತಿ ಆಗಿದಾರೆ. ಅದಕ್ಕೇ ಬೆಳಿಗ್ಗೆ ಅಲ್ಲಿ ನೀರೆರಚ್ತೀನಿ, ಮಧ್ಯಾಹ್ನ ಇಲ್ಲಿ ನಿಮ್ಮೋಳಾಗ್ತೀನಿ."

"ನಮ್ಮೋಳಾಗೋದಿದ್ರೆ ಸರಿಯಾಗಿ ಆಗು. ಈ ಸೊಂಟದ ಪಟ್ಟಿ ಬೆನ್ನ ಹಿಂದೆ ಕಟ್ಟೋದು, ಪಕ್ಕಕ್ಕಲ್ಲ. ಪಕ್ಕಕ್ಕೆ ಕಟ್ಕೊಂಡ್ರೆ ನಮ್ಮೂರ ನಾಯಿನೂ ನಗತ್ತೆ. ತಿರುಗು."

ಅವಳು ನಗುತ್ತ ತಿರುಗಿದಳು. ನಾನು ಗಂಟು ಬಿಚ್ಚಿ ಕಟ್ಟಿದೆ. ಮೂರು ಗಂಟೆಯ ತನಕ ಪ್ರವಾಸಿಗರಿಗೆ ತೋರಿಸುವ ಆಟವಿಲ್ಲ, ಅಷ್ಟರೊಳಗೆ ಏನು ಬೇಕಾದರೂ ಅಳೆದುಕೊಳ್ಳಿ ಎಂದು ಅವಳು ನಮ್ಮನ್ನು ಒಳಗೆ ಬಿಟ್ಟಳು. ಲಿಯೆನ್ ಅಜ್ಜ ಬಿದಿರನ್ನು ನೆಲದ ಮೇಲೆ ಹಾಸಿ, ಮಸಿ ಕುಡಿಕೆ ತೆಗೆದು, ನಡುವಿನ ನಾಲ್ಕು ದೊಡ್ಡ ಕಂಬಗಳನ್ನು ಒಂದೊಂದಾಗಿ ಸವರಿದ. ಆಮೇಲೆ ಏನೂ ಮಾಡದೆ ಸುಮ್ಮನೆ ನಿಂತ.

"ಶುರು ಮಾಡು. ಎಲ್ಲಿ ಕಳ್ದಿದ್ದೆ?"

"ನೋಡ್ತಾ ಇದೀನಿ."

"ನೋಡೋಕೆ ಏನಿದೆ? ನೆನಪಿದ್ರೆ ಇದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು. ನಾನೇನು ಬೈತೀನಾ?"

"ಬೈಯದೆ ಯಾವತ್ತಾದ್ರೂ ಇದ್ದೀಯಾ ನೀನು?" ಎಂದ, ಬೆನ್ನು ತಿರುಗಿಸಿಕೊಂಡೇ.

ಬೈಯಲಿಲ್ಲ. ಅಷ್ಟು ಹೆದರಿಕೆಯಾಗಿತ್ತು. ಹೋಗಿ ಅಗ್ಗಿಷ್ಟಿಕೆಯ ಗುಂಡಿಯ ಪಕ್ಕ, ಮೂಡಣ ದಿಕ್ಕಿನ ಬೆಂಚಿನಲ್ಲಿ ಕುಳಿತೆ. ಊರಿನ ಗೋಪುರದಲ್ಲಿ ನನ್ನ ಜಾಗ ಅದೇ. ಕುಳಿತ ಮೇಲೆ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಹೊಸವರ್ಷದ ಹಾಡಿನ ಮೊದಲ ಸಾಲನ್ನು ತಗ್ಗಿನ ದನಿಯಲ್ಲಿ ಎತ್ತಿದೆ.

ನಮ್ಮ ಗೋಪುರಕ್ಕೆ ಒಂದು ಗುಣವಿತ್ತು. ಮೊದಲ ಸಾಲಿನ ಕೊನೆಯ ಸ್ವರವನ್ನು ಎಳೆದು ನಿಲ್ಲಿಸಿದರೆ, ಮೇಲೆ ನಗಾರಿ ತೂಗುವ ಕಡೆಯಿಂದ ಮರವೇ ಅದನ್ನು ಮೆಲ್ಲಗೆ ಹಿಡಿದುಕೊಳ್ಳುತ್ತಿತ್ತು, ಯಾರೋ ಮುದುಕಿ ಮೇಲೆ ಕುಳಿತು ಗುನುಗಿದ ಹಾಗೆ. ಪಕ್ಕದೂರಿನ ಗೋಪುರಗಳಲ್ಲೆಲ್ಲ ನಾನು ಹಾಡಿದ್ದೇನೆ, ಒಂದೊಂದರ ಗುನುಗು ಒಂದೊಂದು ಕಡೆ ಏಳುತ್ತದೆ. ಯಾವುದೂ ನಮ್ಮದರ ಹಾಗೆ ಅಲ್ಲ. ಇಲ್ಲಿ ನನ್ನ ಸ್ವರ ನಿಂತ ತಕ್ಷಣ, ಮೇಲಿನಿಂದ ಆ ಗುನುಗು ಬಂತು. ಅದೇ ಕಡೆಯಿಂದ, ಅದೇ ತಗ್ಗಿನಲ್ಲಿ.

ಇನ್ನೊಮ್ಮೆ ಹಾಡಿದೆ. ಇನ್ನೊಮ್ಮೆ ಬಂತು.

"ಲಿಯೆನ್ ಅಜ್ಜ," ಎಂದೆ. "ನೀನು ಏನೂ ಕಳ್ದಿಲ್ಲ."

ಅವನು ಮತ್ತೆ ಕಂಬ ಸವರತೊಡಗಿದ.

"ಒಂದು ಗೇಣಲ್ಲ, ಒಂದು ಬೆರಳೂ ಕಳ್ದಿಲ್ಲ. ಕಣ್ಣಿಗೆ ಮಣ್ಣೆರಚಬಹುದು, ನನ್ನ ಕಿವಿಗೆ ಆಗಲ್ಲ. ಈ ಕಡೆ ತಿರುಗು."

ತಿರುಗಿದ. ಎಪ್ಪತ್ತೆರಡರ ಮುದುಕ, ಮಡಕೆ ಒಡೆದ ಮಗುವಿನ ಹಾಗೆ ನಿಂತಿದ್ದ.

"ಕಳೀಬೇಕು ಅಂತಲೇ ಆಗ ಬಂದಿದ್ದೆ ಕಣೇ," ಎಂದ. "ಮೂರು ದಿನ ಕೊಡಲಿ ಮುಟ್ಟದೆ ಕೂತಿದ್ದೆ. ಕಂಬದಲ್ಲಿ ಕಳೆದ್ರೆ ಕುಳ್ಳಾಗತ್ತೆ, ತೊಲೇಲಿ ಕಳೆದ್ರೆ ಹೆಗಲು ಇಳಿಯತ್ತೆ. ಎಲ್ಲಿ ಕಳೆದ್ರೂ ಕುಂಟು. ತಪ್ಪು ಅಂತ ಗೊತ್ತಿದ್ದು ತಪ್ಪು ಕತ್ತರಿಸೋಕೆ ಕೈ ಬರ್ಲಿಲ್ಲ."

"ಅಪ್ಪ ಸಾಯೋವಾಗ ನಿನ್ನ ಕೈ ಹಿಡ್ಕೊಂಡು ಏನಂದ? ನನ್ನಳಿಯ ಮಾತಿನ ಮನುಷ್ಯ ಅಂದ. ಆಗಲಾದ್ರೂ ಹೇಳ್ಬೇಕಿತ್ತು!"

"ಅದು ಕೇಳಿದ ಮೇಲೆ ಹೇಗೆ ಹೇಳ್ಲಿ?"

ಇಪ್ಪತ್ತೆಂಟು ವರ್ಷ. ಅಪ್ಪ ಹಬ್ಬದ ದಿನ ಹೆಂಡ ಏರಿದಾಗಲೆಲ್ಲ, ಪಟ್ಟಣದವರಿಗೆ ಕುಂಟು ಗೋಪುರ ಕೊಟ್ಟೆವು ಎಂದು ನಗುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಇವನೂ ನಗುತ್ತಿದ್ದ, ನನ್ನ ಪಕ್ಕದಲ್ಲೇ ಕುಳಿತು. ನನಗೆ ಅವನನ್ನು ಎಳೆದು ಕಾಲುವೆಗೆ ದಬ್ಬಬೇಕೆನಿಸಿತು. ಅದೇ ಹೊತ್ತಿಗೆ ಮರೆವಲ್ಲ, ಇವನಿಗೆ ಮರೆವಲ್ಲ ಎಂದು ಎದೆ ಹಗುರಾಗಿತ್ತು, ಆ ಸಂತೋಷವೂ ಸಿಟ್ಟು ತರಿಸುತ್ತಿತ್ತು.

"ಸರಿ," ಎಂದೆ. "ಆಗಿದ್ದು ಆಯ್ತು. ಇದ್ದದ್ದು ಇದ್ದ ಹಾಗೆ ಅಳ್ಕೋ. ಊರಿಗೆ ಹೋಗಿ, ಕಳೆದಿದ್ದ ಗೇಣನ್ನ ಸೇರಿಸ್ಕೊಂಡೆ ಅಂತ ಹೇಳು. ಯಾರಿಗೆ ಗೊತ್ತಾಗತ್ತೆ?"

ಅವನು ತಲೆಯಾಡಿಸಿದ. "ಆಗಲ್ಲ. ಊರಿನ ವ್ಯಾಜ್ಯ ಎಲ್ಲ ತೀರ್ಮಾನ ಆಗೋ ಜಾಗ ಅದು. ಸುಳ್ಳಿನ ಮೇಲೆ ಕಂಬ ನಿಲ್ಸಿ ಅಲ್ಲಿ ಹೇಗೆ ಕೂರ್ಲಿ?" ಆಮೇಲೆ ದನಿ ಇಳಿಸಿ, "ಅದೂ ಅಲ್ದೆ, ನಿಮ್ಮಪ್ಪ ಹೇಳಿದ್ದ. ಜೋಡಿಯಾದ್ರೆ ಒಂದು ಉಳಿಯಲ್ಲ ಅಂತ. ಬೆಂಕಿ ಬಿದ್ದ ದಿನದಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ನಾನೇ ಸುಟ್ಟೆ ಅನ್ಸತ್ತೆ. ಊರಿಗೂ ಹಾಗೇ ಅನ್ಸತ್ತೆ, ನೋಡ್ತಿರು" ಎಂದ.

ಅಕ್ಕಿ ಡಬ್ಬದ ಬಾಚಿ, ಮಗಳ ಹೆಸರು ಎಲ್ಲ ಆಗ ನನಗೆ ಅರ್ಥವಾಯಿತು. ಎಂಟು ತಿಂಗಳಿಂದ ಈ ಮನುಷ್ಯ ನನ್ನ ಪಕ್ಕದಲ್ಲೇ ಮಲಗಿ ಒಬ್ಬನೇ ಬೇಯುತ್ತಿದ್ದ. ಎದ್ದು ಅವನ ಹತ್ತಿರ ಹೋದೆ. ಜೇಬಿನಿಂದ ಫೋನು ತೆಗೆದು ತಮ್ಮನಿಗೆ ವೀಡಿಯೊ ಕಾಲ್ ಹಚ್ಚಿ, ಲಿಯೆನ್ ಅಜ್ಜನ ಕೈಗೆ ಕೊಟ್ಟೆ.

"ಈಗ್ಲೇ ಹೇಳು. ಊರಿನ ತನಕ ಹೊತ್ಕೊಂಡು ಹೋಗ್ಬೇಡ. ನಾನಿದೀನಿ."

ಶೆಂಗ್‌ಮಾವ್ ಸುಟ್ಟ ಜಾಗದಲ್ಲೇ ಕುಳಿತಿದ್ದ. ಗೋಪುರ ಹೋದ ಮೇಲೂ ಮುದುಕರು ಮಧ್ಯಾಹ್ನವಾದರೆ ಅಲ್ಲಿಗೇ ಹೋಗಿ ಅಡಿಗಲ್ಲುಗಳ ಮೇಲೆ ಕುಳಿತುಕೊಳ್ಳುತ್ತಾರೆ, ಬೇರೆಲ್ಲಿ ಕೂರಬೇಕೆಂದು ತಿಳಿಯದೆ. ಲಿಯೆನ್ ಅಜ್ಜ ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಏನನ್ನೂ ಕಡಿಮೆ ಮಾಡಲಿಲ್ಲ.

ಶೆಂಗ್‌ಮಾವ್ ಮುಖವನ್ನು ಫೋನಿನ ಹತ್ತಿರ ತಂದು, "ಅಂದ್ರೆ ಭಾವ, ಅಲ್ಲಿರೋದು ನಮ್ದೇ?" ಎಂದ.

"ಹೂಂ. ನಿಮ್ದೇ."

"ಅಕ್ಕನ ಕೈಗೆ ಕೊಡು. ಅಕ್ಕಾ, ಮೇಲಕ್ಕೆ ತೋರ್ಸು."

ನಾನು ಫೋನನ್ನು ಮೇಲಕ್ಕೆ ಹಿಡಿದೆ. ಅಂತಸ್ತಿನ ಮೇಲೆ ಅಂತಸ್ತು ಕಿರಿದಾಗುತ್ತ ಹೋಗುವ ತೊಲೆಗಳು, ನಡುವೆ ನಗಾರಿ. ಆ ಕಡೆ ಮುದುಕರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿರುವುದು ಕೇಳಿಸುತ್ತಿತ್ತು. "ತಳ್ಬೇಡ್ವೋ." "ಈ ಕಡೆ, ಪಡುಗಡೆ ಕಂಬ ತೋರ್ಸು ತಾಯಿ." "ಅಗೋ, ಅಗೋ ನನ್ನ ಜಾಗ." ತೊಂಬತ್ತು ದಾಟಿದ ನನ್ನ ಚಿಕ್ಕಪ್ಪ ಇದ್ದಕ್ಕಿದ್ದಂತೆ ಗೊಳೋ ಎಂದು ಅತ್ತ. ಯಾರೂ ಅವನನ್ನು ಸುಮ್ಮನಿರಿಸಲಿಲ್ಲ.

ಬೆಂಕಿಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಕಾಯುತ್ತಲೇ ಇದ್ದೆ, ಎತ್ತಿದವನಿಗೆ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ.

ಶೆಂಗ್‌ಮಾವ್ ಮೂಗು ಒರೆಸಿಕೊಂಡು ಹಿರಿಯನ ದನಿ ತಂದುಕೊಂಡ. "ಭಾವ, ಆಣೆ ಮುರಿದದ್ದಕ್ಕೆ ದಂಡ ಅಂತ ಊರಿಗೆಲ್ಲ ಹಂದಿ ಕಡಿದು ಊಟ ಹಾಕ್ಬೇಕು. ಅದ್ರಲ್ಲಿ ಬಿಡೋ ಮಾತಿಲ್ಲ."

"ಹಾಕ್ತೀನಿ."

"ದೊಡ್ಡದು."

"ದೊಡ್ಡದೇ."

"ಸರಿ. ಹಾಗಾದ್ರೆ ಅಳೆಯೋಕೆ ಶುರು ಮಾಡು. ಒಂದು ಕೂದಲೆಳೆಯಷ್ಟೂ ಆಚೀಚೆ ಆಗ್ಬಾರ್ದು."

ಲಿಯೆನ್ ಅಜ್ಜ ಬಗ್ಗಿ ಬಿದಿರು ಎತ್ತಿಕೊಂಡ. ನಾನು ಫೋನು ಇಡಲು ಹೋದೆ.

"ಇಡ್ಬೇಡ ಅಕ್ಕಾ!" ತಮ್ಮ ಕೂಗಿದ. "ಅಲ್ಲೇ ಬೆಂಚಿನ ಮೇಲೆ ನಿಲ್ಸಿಬಿಡು. ಸ್ವಲ್ಪ ಹೊತ್ತು ಇರ್ಲಿ."

ಫೋನನ್ನು ಬೆಂಚಿನ ಮೇಲೆ ಕಂಬಕ್ಕೆ ಒರಗಿಸಿ, ಅಗ್ಗಿಷ್ಟಿಕೆಯ ಗುಂಡಿಗೆ ಮುಖ ಮಾಡಿ ಇಟ್ಟೆ. ಬ್ಯಾಟರಿ ಮುಗಿಯುತ್ತ ಬಂದಿತ್ತು. ಯು ಹಾನ್ ಓಡಿಹೋಗಿ ಎಲ್ಲಿಂದಲೋ ಚಾರ್ಜರ್ ತಂದು ಸಿಕ್ಕಿಸಿದಳು. ಲಿಯೆನ್ ಅಜ್ಜ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಏಣಿ ಹತ್ತಿದ. ಬಿದಿರಿನ ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ.

ಫೋನಿನೊಳಗಿಂದ ಮುದುಕರು ಮೊದಮೊದಲು ಪಿಸುಗುಟ್ಟುತ್ತಿದ್ದರು. ಆಮೇಲೆ ಯಾರೋ ಹೊಗೆಸೊಪ್ಪು ಕೇಳಿದರು. ಯಾರದೋ ಎಮ್ಮೆ ಯಾರದೋ ಗದ್ದೆಗೆ ಇಳಿದ ಮಾತು ಬಂತು, ಅದರ ಮೇಲೆ ಜಗಳ ಶುರುವಾಯಿತು, ಚಿಕ್ಕಪ್ಪ ಯಾರನ್ನೋ ಗದರಿದ. ಮೂರು ಗಂಟೆಯ ಆಟ ಶುರುವಾಗುವ ತನಕ ನಮ್ಮೂರಿನವರು ಗೋಪುರದಲ್ಲಿ ಕುಳಿತಿದ್ದರು.