ಗೇರಿನ ಮುಚ್ಚಳ

ಬಾಡಿಗೆ ಗೌನಿನ ಕಾಲರು ಕತ್ತಿಗೆ ಚುಚ್ಚುತ್ತಿದೆ, ಒಳಗೆ ಯಾರದೋ ಹಳೆಯ ಪೌಡರಿನ ವಾಸನೆ, ನನಗಿಂತ ಮುಂಚೆ ಇದನ್ನು ತೊಟ್ಟವಳು ನಗುತ್ತಲೇ ವೇದಿಕೆ ಹತ್ತಿರಬೇಕು, ಅವಳಿಗೇನು, ಹತ್ತು ಬೆರಳೂ ನೆಟ್ಟಗಿದ್ದವು — ಸಾಲು ಸರಿಯುತ್ತದೆ, ಮೈಕಿನಲ್ಲಿ ಒಂದು ಹೆಸರು, ಚಪ್ಪಾಳೆ, ಮೇಲೆ ನಮ್ಮ ವಿಭಾಗದ ಮುಖ್ಯಸ್ಥರು ಎಡಗೈಯಲ್ಲಿ ಪದವಿಪತ್ರ ಕೊಟ್ಟು ಬಲಗೈಯಲ್ಲಿ ಕೈ ಕುಲುಕುತ್ತಿದ್ದಾರೆ, ಪ್ರತಿಯೊಬ್ಬರಿಗೂ, ಒಬ್ಬರನ್ನೂ ಬಿಡದೆ, ಒಳ್ಳೆಯದು, ಹಾಗೇ ಕುಲುಕುತ್ತಿರಿ. ಬೆಣ್ಣೆ ಸರ್. ಹೆಸರಿಟ್ಟವರು ನಮಗಿಂತ ಹಿಂದಿನ ಬ್ಯಾಚಿನವರು, ಬೈದರೂ ಬೈದಂತೆ ಕೇಳಿಸದ ಬಾಯಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಪ್ಪಿನಿಂದ ತನ್ನನ್ನು ತಾನೇ ಎಳೆದುಕೊಳ್ಳಬಲ್ಲ ಬಾಯಿ. ಮುಂದೆ ನಿಂತ ಗೆಳತಿ ಗುಬ್ಬಿ ತಿರುಗಿ, ನನ್ನ ಟೋಪಿ ಸರಿಯಾಗಿದೆಯೇನೇ, ಅನ್ನುತ್ತಾಳೆ, ಸರಿಯಾಗಿದೆ, ನಿನ್ನದೆಲ್ಲ ಯಾವಾಗಲೂ ಸರಿಯಾಗಿಯೇ ಇರುತ್ತದೆ, ಅವತ್ತು ನನ್ನ ಪಕ್ಕದ ಲೇತ್ ಮೆಷಿನ್ ಹತ್ತಿರ ನಿಂತು ಎಲ್ಲ ನೋಡಿದವಳು ನೀನು, ಎಲ್ಲ ಕೇಳಿದವಳು, ವಿಚಾರಣೆಯಲ್ಲಿ ಮಾತ್ರ ನಾನು ಆ ಕಡೆ ತಿರುಗಿದ್ದೆ ಅಂದವಳು, ಆಮೇಲೆ ಮೆಟ್ಟಿಲ ಹತ್ತಿರ ಅತ್ತುಕೊಂಡು, ನಂದೂ ಡಿಗ್ರಿ ಮುಗೀಬೇಕಲ್ಲ ಕಣೇ. ಮುಗಿಯಿತಲ್ಲ, ವೇದಿಕೆ ಹತ್ತು.

ಪರಿಶೀಲನೆಗೆ ಹೊರಗಿನವರು ಬರುವ ದಿನ ಅದು, ವರ್ಕ್‌ಶಾಪಿನ ನೆಲ ತೊಳೆದು ಇನ್ನೂ ಒದ್ದೆ, ಬೆಣ್ಣೆ ಸರ್ ಹೊಸ ಟೈ ಕಟ್ಟಿಕೊಂಡು ಓಡಾಡುತ್ತ, ಆ ಗೇರಿನ ಮುಚ್ಚಳ ತೆಗೆದಿಡಪ್ಪ, ಬಂದವರಿಗೆ ಒಳಗಿನ ಕೆಲಸ ಕಾಣ್ಲಿ, ಸಹಾಯಕ ಬಿಚ್ಚಿ ಗೋಡೆಗೆ ಒರಗಿಸಿದ, ಹಲ್ಲಿಗೆ ಹಲ್ಲು ಕೂಡಿಸಿಕೊಂಡು ಗೇರುಗಳು ತಿರುಗುತ್ತಿದ್ದವು, ಚೆಂದವಾಗಿಯೇ ಇದ್ದವು, ಸುಳ್ಳೇಕೆ. ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಏಯ್, ಅದನ್ನ ಒರೆಸಮ್ಮ, ಅಂದರು ನನಗೆ. ಮೆಷಿನ್ ನಿಲ್ಲಿಸ್ಲಾ ಸರ್? ಬೇಡ ಬೇಡ, ಅವರು ಒಳಗೆ ಬರೋವಾಗ ಓಡ್ತಾ ಇರ್ಬೇಕು — ಬಟ್ಟೆಯ ತುದಿಯನ್ನು ಹಲ್ಲು ಕಚ್ಚಿತು, ಬಟ್ಟೆಯ ಹಿಂದೆ ನನ್ನ ಕೈ, ನೋವು ಆಮೇಲೆ ಬಂತು, ಮೊದಲು ಬಂದದ್ದು ಸದ್ದು, ಅದನ್ನು ನಾನು ಯಾರಿಗೂ ಹೇಳಿಲ್ಲ, ಅಮ್ಮನಿಗೂ. ಹೋದದ್ದು ಬಲಗೈಯ ಉಂಗುರದ ಬೆರಳು, ಕಿರುಬೆರಳು. ಆಸ್ಪತ್ರೆಯಲ್ಲಿ ಅಮ್ಮ, ಜೀವ ಉಳೀತಲ್ಲ, ಬಿಟ್ಹಾಕು, ದೊಡ್ಡವರ ತಂಟೆ ನಮಗ್ಯಾಕೆ. ಅಣ್ಣ ಮಾತ್ರ ಕಿಟಕಿಯ ಕಡೆ ಮುಖ ಮಾಡಿ, ಆ ಮುಚ್ಚಳ ತೆಗೆಸಿದವನು ಯಾರು ಅಂತ ಮೊದಲು ಎಲ್ಲರಿಗೂ ಗೊತ್ತಾಗ್ಬೇಕು, ಅಂದ, ಗೊತ್ತಾಗಲಿಲ್ಲ, ಯಾಕೆಂದರೆ ವಿಚಾರಣೆಯ ಕೋಣೆಯಲ್ಲಿ ಬೆಣ್ಣೆ ಸರ್ ನನ್ನ ಬ್ಯಾಂಡೇಜಿನ ಕಡೆ ಕರುಣೆಯಿಂದ ನೋಡುತ್ತ, ಪಾಪ, ಕಲಿಯೋ ಉತ್ಸಾಹ ಜಾಸ್ತಿ ಈ ಹುಡುಗಿಗೆ, ತಾನೇ ಮುಚ್ಚಳ ಬಿಚ್ಚಿದ್ದಾಳೆ, ಶಿಕ್ಷೆ ಕೊಡ್ಬೇಡಿ, ಈಗಾಗ್ಲೇ ಅನುಭವಿಸಿದ್ದಾಳೆ. ಸಹಾಯಕ ಹೌದೆಂದು ತಲೆಯಾಡಿಸಿದ, ನನ್ನ ಮಾತಿಗೆ ಸಾಕ್ಷಿಯೇ ಉಳಿಯಲಿಲ್ಲ. ಶಿಕ್ಷೆ ಕೊಡಬೇಡಿ ಅಂದರಲ್ಲ, ಅದನ್ನು ಮರೆಯಲಾರೆ, ಬೆರಳನ್ನಾದರೂ ಮರೆತೇನು.

ಹಾವಿನ ದ್ವೇಷ ಹನ್ನೆರಡು ವರುಷವಂತೆ, ನನ್ನದು ಪಠ್ಯಕ್ರಮ ಮುಗಿಯುವಷ್ಟು. ಕಾಲೇಜಿಗೆ ವಾಪಸು ಬಂದಾಗ ಬೆಣ್ಣೆ ಸರ್ ಕರೆಸಿ, ಬೇರೆ ವಿಭಾಗಕ್ಕೆ ಹೋಗಮ್ಮ, ಕುಂತ್ಕೊಂಡು ಮಾಡೋ ಕೆಲಸ ಇರುತ್ತೆ, ಅಂದರು, ನಾನು, ಇಲ್ಲೇ ಇರ್ತೀನಿ ಸರ್, ನಿಮ್ಮ ಹತ್ರಾನೇ ಕಲೀಬೇಕು, ಅಂದೆ, ಆಗ ಮೊದಲ ಸಲ ಆ ಮುಖದಲ್ಲಿ ಬೆಣ್ಣೆಯ ನುಣುಪು ಹೋದದ್ದು ಕಂಡೆ. ಎಡಗೈಯಲ್ಲಿ ಬರೆಯಲು ಕಲಿತೆ, ಕೋಳಿ ಕೆದಕಿದ ಅಕ್ಷರ, ಮೂರು ಬೆರಳಲ್ಲಿ ಕೂದಲೆಳೆ ಅಳೆಯುವ ಮೈಕ್ರೊಮೀಟರ್ ಹಿಡಿಯಲು ಕಲಿತೆ, ಅವರ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂತು ಬಲಗೈಯನ್ನು ಡೆಸ್ಕಿನ ಮೇಲೆ ಇಟ್ಟುಕೊಳ್ಳುತ್ತಿದ್ದೆ, ಎದುರಿಗೇ, ಅವರು ಪಾಠವನ್ನೆಲ್ಲ ಹಿಂದಿನ ಗೋಡೆಗೆ ಮಾಡಿದರು. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಮಾಡಿದ್ದು ಒಂದು ಮುಚ್ಚಳ, ತೆಗೆದ ಕೂಡಲೇ ಮೆಷಿನ್ ತಾನಾಗಿ ನಿಲ್ಲುವಂಥದ್ದು, ಅವರೇ ಸಹಿ ಹಾಕಬೇಕಿತ್ತು, ಹಾಕಿದರು. ಹೊರಗಿನ ಪರೀಕ್ಷಕರು, ಈ ಯೋಚನೆ ಹೇಗೆ ಬಂತಮ್ಮ ನಿನಗೆ, ನಾನು ಬಾಯಿ ತೆರೆಯುವ ಮೊದಲೇ ಬೆಣ್ಣೆ ಸರ್, ನಮ್ಮ ವಿಭಾಗದಲ್ಲಿ ಸುರಕ್ಷತೆಗೇ ಮೊದಲ ಸ್ಥಾನ ಸರ್. ಅದನ್ನೂ ಇವತ್ತಿಗೆಂದು ಉಳಿಸಿಕೊಂಡೆ.

ಗುಬ್ಬಿ ಇಳಿದಳು, ನನ್ನ ಹೆಸರು, ಮೆಟ್ಟಿಲು, ಬೆಳಕು ಕಣ್ಣಿಗೆ ಹೊಡೆಯುತ್ತದೆ, ಎಲ್ಲೋ ಹಿಂದೆ ಅಣ್ಣನ ಶಿಳ್ಳೆ — ಬೆಣ್ಣೆ ಸರ್ ನೋಡಿದರು, ಗುರುತು ಹತ್ತಿತು, ತಕ್ಷಣ ಪದವಿಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು, ಭಲೇ, ಜಾಣ, ಎರಡೂ ಕೈ ತುಂಬಿದ್ದರೆ ಕುಲುಕುವುದು ಯಾವುದರಲ್ಲಿ. ನಾನು ತೆಗೆದುಕೊಳ್ಳಲಿಲ್ಲ. ಬಲಗೈ ಮುಂದೆ ಮಾಡಿ ನಿಂತೆ. ಚಪ್ಪಾಳೆ ತೆಳುವಾಯಿತು, ನಿಂತಿತು, ಯಾರೋ ಕೆಮ್ಮಿದರು, ಫೋಟೋದವನು ಕ್ಯಾಮೆರಾ ಇಳಿಸಿ ಮತ್ತೆ ಎತ್ತಿದ, ನಾನು ಅಲ್ಲಾಡಲಿಲ್ಲ. ಕೊನೆಗೆ ಅವರ ಬಲಗೈ ಪದವಿಪತ್ರದಿಂದ ಬಿಡಿಸಿಕೊಂಡು ಬಂತು. ಹಿಡಿದೆ. ನನ್ನ ಎರಡು ಮೋಟುಗಳು ಅವರ ಅಂಗೈಗೆ ಒತ್ತಿದವು, ಎಷ್ಟು ಬೆವರು ಆ ಅಂಗೈಯಲ್ಲಿ. ಮುಚ್ಚಳ ಯಾರು ತೆಗೆಸಿದ್ದು ಸರ್, ಅಂದೆ, ಹೆಸರು ಕೂಗುವ ಮೈಕು ಪಕ್ಕದಲ್ಲೇ ಇತ್ತು, ನನ್ನ ದನಿ ಹಾಲಿನ ಹಿಂದಿನ ಗೋಡೆ ಮುಟ್ಟಿ ವಾಪಸು ಬಂತು. ಅವರು ತುಟಿ ಅಲ್ಲಾಡಿಸದೆ, ನಗಮ್ಮ, ಫೋಟೋ ತೆಗೀತಿದ್ದಾರೆ, ಆ ಮಾತೂ ಮೈಕಿಗೆ ಬಿತ್ತು, ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಒಬ್ಬೊಬ್ಬರಾಗಿ ಅವರ ಮುಖ ಬಿಟ್ಟು ನಮ್ಮ ಕೈ ನೋಡತೊಡಗಿದರು. ಅವರು ಎಳೆದುಕೊಂಡರು, ನಾನು ಬಿಡಲಿಲ್ಲ, ಮೂರು ಬೆರಳಿಗೆ ಇಷ್ಟು ಬಲವಿದೆ ಎಂದು ನನಗೂ ಗೊತ್ತಿರಲಿಲ್ಲ, ಇಷ್ಟು ವರುಷ ರಾತ್ರಿ ಹಗಲು ಮನಸ್ಸಿನಲ್ಲಿ ಕಂಡದ್ದು ಇದನ್ನೇ, ಅವರ ಅಂಗೈ, ಅದರಲ್ಲಿ ನನ್ನ ಎರಡು ಮೋಟು, ಮತ್ತೆ ಎಳೆದರು, ಅಂಗೈ, ಎರಡು ಮೋಟು, ಕ್ಯಾಮೆರಾದ ಬೆಳಕು ಮಿಂಚಿತು, ಅಂಗೈ, ಎರಡು ಮೋಟು,